ನೆಲ ಮುಟ್ಟದೆ ನಡೆಯುವ ಊರು

ಹಾಂಗ್‌ಕಾಂಗ್ ದ್ವೀಪದ ವ್ಯಾಪಾರ ಕೇಂದ್ರಕ್ಕೆ ಸೆಂಟ್ರಲ್ ಎಂದು ಹೆಸರು. ಅಲ್ಲಿ ದೋಣಿಕಟ್ಟೆಯಿಂದ ಹೊರಟವನು ರಸ್ತೆಗೆ ಕಾಲಿಡದೆಯೇ ಕಚೇರಿ, ಬ್ಯಾಂಕು, ಅಂಗಡಿಗಳನ್ನು ಹಾದು ಬಹುದೂರ ಹೋಗಬಹುದು. ಮೊದಲ ಮಹಡಿಯ ಎತ್ತರದಲ್ಲಿ ಹಬ್ಬಿರುವ ಕಾಲುಸೇತುವೆಗಳು ಒಂದು ಕಟ್ಟಡದ ಒಳಹೊಕ್ಕು ಇನ್ನೊಂದು ಬದಿಯಿಂದ ಹೊರಬೀಳುತ್ತವೆ. ಕೆಳಗೆ ಬಸ್ಸು, ಟ್ರಾಮು, ಮೇಲೆ ಜನ.

ಪಾದಚಾರಿಗಳ ಮೇಲಿನ ಕನಿಕರದಿಂದ ಇದು ಆರಂಭವಾಯಿತೆಂದು ಯಾರಾದರೂ ಭಾವಿಸಿದರೆ ತಪ್ಪು. 1960ರ ದಶಕದ ಮಧ್ಯದಲ್ಲಿ ಹಾಂಗ್‌ಕಾಂಗ್ ಲ್ಯಾಂಡ್ ಎಂಬ ಕಂಪನಿ ತನ್ನ ಮ್ಯಾಂಡರಿನ್ ಹೋಟೆಲಿಗೂ ರಸ್ತೆಯಾಚೆಯ ಪ್ರಿನ್ಸಸ್ ಬಿಲ್ಡಿಂಗಿಗೂ ಒಂದು ಸೇತುವೆ ಕಟ್ಟಿತು. ಹೋಟೆಲಿನ ಅತಿಥಿಗಳು ಎದುರಿನ ಅಂಗಡಿಗಳಿಗೆ ಬರಲಿ ಎಂಬುದೇ ಉದ್ದೇಶ. ಮಹಡಿ ಅಂಗಡಿಗೆ ಗಿರಾಕಿ ಹತ್ತಿ ಬರುವುದಿಲ್ಲವೆಂಬುದು ನಮ್ಮ ಚಿಕ್ಕಪೇಟೆಯವರಿಗೂ ಗೊತ್ತಿರುವ ಸಂಗತಿಯೇ. ಸೇತುವೆ ಬಂದದ್ದೇ ತಡ, ಮಹಡಿಯೇ ಬೀದಿಯಾಯಿತು. ಅಲ್ಲಿನ ಬಾಡಿಗೆಯೂ ಏರಿತು. ಲಾಭದ ಈ ಗುಟ್ಟು ತಿಳಿದ ಮೇಲೆ ಸೇತುವೆಗೆ ಸೇತುವೆ ಕೂಡಿಕೊಂಡಿತು, ಸರ್ಕಾರವೂ ತನ್ನವನ್ನು ಸೇರಿಸಿತು.

ಆ ಊರು ಕಡಿದಾದ ಗುಡ್ಡಕ್ಕೆ ಅಂಟಿಕೊಂಡಿದೆ. 1993ರ ಅಕ್ಟೋಬರಿನಲ್ಲಿ ಸೆಂಟ್ರಲ್‌ನಿಂದ ಗುಡ್ಡದ ವಸತಿ ಪ್ರದೇಶಕ್ಕೆ ಎಸ್ಕಲೇಟರುಗಳ ಸಾಲೊಂದನ್ನು ತೆರೆದರು. ಉದ್ದ ಸುಮಾರು 800 ಮೀಟರ್, ಏರು 135 ಮೀಟರ್. ಬೆಳಿಗ್ಗೆ 6ರಿಂದ 10ರವರೆಗೆ ಅದು ಕಚೇರಿಗೆ ಹೋಗುವವರನ್ನು ಇಳಿಸುತ್ತದೆ. ಆಮೇಲೆ ನಡುರಾತ್ರಿಯವರೆಗೆ ಬರೀ ಏರುತ್ತದೆ. ಹನ್ನೊಂದು ಗಂಟೆಗೆ ಇಳಿಯಬೇಕೆನ್ನುವ ನಿವೃತ್ತರಿಗೆ ಮೆಟ್ಟಿಲೇ ಗತಿ!

ಆದರೆ ಬೀದಿ ಎಂದರೆ ನಡೆಯುವ ಜಾಗವಷ್ಟೇ ಅಲ್ಲವಲ್ಲ. ನಿಲ್ಲಲು, ಕೂರಲು, ಹರಟಲು ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಮೇಲಿನ ದಾರಿ ಹಾಗಲ್ಲ. ಸೇತುವೆ ಮುಗಿದು ವ್ಯಾಪಾರ ಮಳಿಗೆಯ ನುಣುಪು ನೆಲ ಆರಂಭವಾಗುವಲ್ಲಿ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಅದರಾಚೆ ನಡೆಯಬಹುದು, ಕೊಳ್ಳಬಹುದು. ನೆಲದ ಮೇಲೆ ಕೂತರೆ ಕಾವಲುಗಾರ ಬರುತ್ತಾನೆ.

ಈ ಗೆರೆ ಸ್ಪಷ್ಟವಾಗುವುದು ಭಾನುವಾರ. ಹಾಂಗ್‌ಕಾಂಗಿನ ಮನೆಗಳಲ್ಲಿ ದುಡಿಯುವ ವಿದೇಶಿಯರು ಮೂರು ಲಕ್ಷಕ್ಕೂ ಹೆಚ್ಚು. ಬಹುಪಾಲು ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಹೆಂಗಸರು. ಯಜಮಾನನ ಮನೆಯಲ್ಲೇ ವಾಸಿಸಬೇಕೆಂಬ ಕಟ್ಟಳೆ 2003ರಿಂದ ಇದೆ. ಎಷ್ಟೋ ಮಂದಿಗೆ ತಮ್ಮದೆಂಬ ಕೋಣೆಯಿಲ್ಲ. ವಾರಕ್ಕೊಂದು ರಜೆ ಕಾನೂನಿನ ಹಕ್ಕು ನಿಜ, ಆದರೆ ಆ ರಜೆಯನ್ನು ಕಳೆಯುವುದೆಲ್ಲಿ? ಸಾರ್ವಜನಿಕ ಸೇತುವೆಗಳ ಅಂಚಿನಲ್ಲಿ ರಟ್ಟು ಹಾಸಿ, ರಟ್ಟಿನಿಂದಲೇ ಮೊಣಕಾಲೆತ್ತರದ ಗೋಡೆ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಕೂರುತ್ತಾರೆ. ಊಟ, ಇಸ್ಪೀಟು, ಊರಿಗೆ ಫೋನು, ಒಂದು ಕಣ್ಣು ನಿದ್ದೆ, ಎಲ್ಲ ಅಲ್ಲೇ. ದಾರಿ ಕಟ್ಟುತ್ತದೆ ಎಂದು ಗೊಣಗುವವರಿದ್ದಾರೆ. ಗಿರಾಕಿಗಾಗಿ ಹುಟ್ಟಿದ ದಾರಿಯಲ್ಲಿ ಏನನ್ನೂ ಕೊಳ್ಳದೆ ದಿನವಿಡೀ ಕೂರುವ ಇವರಿಂದಲೇ ಅದು ನಿಜವಾದ ಬೀದಿಯಾಗಿದೆ ಎಂದು ನನಗನ್ನಿಸುತ್ತದೆ. ಸಂಜೆ ಅವರು ರಟ್ಟು ಮಡಿಸಿ ಏಳುತ್ತಾರೆ. ಆ ಹೊತ್ತಿಗೆ ಎಸ್ಕಲೇಟರು ಗುಡ್ಡದ ಮನೆಗಳ ಕಡೆಗೆ ಏರುತ್ತಿರುತ್ತದೆ.