ಶೇಂಗಾ ಕೊಯ್ಲು: ದಿನದ ಲೆಕ್ಕಕ್ಕಿಂತ ಸಿಪ್ಪೆಯ ಬಣ್ಣ ಮುಖ್ಯ

ಚಳ್ಳಕೆರೆ, ಪಾವಗಡ, ಶಿರಾ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರಿ ಶೇಂಗಾ ಕೀಳುವ ಹೊತ್ತಿಗೆ ರೈತರು ಎರಡು ಒತ್ತಡಗಳ ನಡುವೆ ಸಿಲುಕುತ್ತಾರೆ. ಮಳೆ ಹಿಡಿಯುವ ಮೊದಲೇ ಬೆಳೆ ಮನೆ ಸೇರಲಿ ಎಂಬ ಅವಸರ ಒಂದೆಡೆ. ಕೂಲಿಯಾಳು ಸಿಗದೆ, ನೆಲ ಒಣಗಿ ಗಟ್ಟಿಯಾಗಿ ಆಗುವ ವಿಳಂಬ ಇನ್ನೊಂದೆಡೆ. ಎರಡರಿಂದಲೂ ಈ ವರ್ಷದ ಎಣ್ಣೆಯ ಅಂಶ ಮಾತ್ರವಲ್ಲ, ಮುಂದಿನ ವರ್ಷದ ಬಿತ್ತನೆ ಬೀಜವೂ ಕೆಡುತ್ತದೆ.

ಶೇಂಗಾ ಒಮ್ಮೆಗೇ ಹೂ ಬಿಟ್ಟು ಒಮ್ಮೆಗೇ ಮಾಗುವ ಬೆಳೆಯಲ್ಲ. ಹಲವು ವಾರಗಳವರೆಗೆ ಹೂ ಬಿಡುವುದರಿಂದ ಒಂದೇ ಗಿಡದಲ್ಲಿ ಬಲಿತ ಕಾಯಿಯೂ ಎಳೆಯ ಕಾಯಿಯೂ ಇರುತ್ತವೆ. ಆದ್ದರಿಂದ ಎಲ್ಲ ಕಾಯಿಗಳೂ ಮಾಗಲೆಂದು ಕಾಯುವುದು ವ್ಯರ್ಥ. ಹೆಚ್ಚಿನವು ಬಲಿತ ಹಂತವನ್ನು ಗುರುತಿಸುವುದೇ ಜಾಣತನ.

ಕಾಳು ತುಂಬುವ ಕೊನೆಯ ವಾರಗಳಲ್ಲಿ ಅದರಲ್ಲಿರುವ ಸಕ್ಕರೆಯ ಅಂಶ ಕಡಿಮೆಯಾಗುತ್ತ ಎಣ್ಣೆ ಹೆಚ್ಚುತ್ತದೆ. ಚೆನ್ನಾಗಿ ಬಲಿತ ಕಾಳಿನ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಎಣ್ಣೆಯೇ. ಅವಧಿಗೆ ಮುನ್ನ ಕಿತ್ತರೆ ಕಾಳು ಒಣಗುವಾಗ ಮುರುಟುತ್ತದೆ. ಅಂತಹ ಕಾಳಿನಲ್ಲಿ ಎಣ್ಣೆ ಕಡಿಮೆ, ಬೇಗ ಕಮಟು ವಾಸನೆ ಬರುತ್ತದೆ. ಬಿತ್ತಿದರೆ ಮೊಳಕೆ ದುರ್ಬಲ. ಸಂಗ್ರಹದಲ್ಲಿಯೂ ಬಾಳಿಕೆ ಬಾರದು.

ತಡವಾದರೆ ಆಗುವ ಹಾನಿ ಬೇರೆ ರೀತಿಯದು. ಕಾಯಿಯ ತೊಟ್ಟು ಸಡಿಲಗೊಂಡು, ಗಿಡ ಕೀಳುವಾಗ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಟಿಎಂವಿ-2ರಂತಹ ಗೊಂಚಲು ತಳಿಗಳ ಬೀಜಕ್ಕೆ ಸುಪ್ತಾವಸ್ಥೆ ಇಲ್ಲವೆಂದೇ ಹೇಳಬೇಕು. ಮಾಗಿದ ಮೇಲೆ ಮಳೆ ಸುರಿದರೆ ಕಾಳು ನೆಲದಲ್ಲೇ ಮೊಳೆಯುತ್ತದೆ. ಕೊನೆಯ ಹಂತದಲ್ಲಿ ಬರ ಬಿದ್ದು ಬೆಳೆ ಹೊಲದಲ್ಲೇ ಉಳಿದರೆ ಆಸ್ಪರ್ಜಿಲ್ಲಸ್ ಶಿಲೀಂಧ್ರ ತಗುಲಿ, ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ವಿಷ ಉಂಟಾಗುವ ಅಪಾಯವೂ ಇದೆ.

ಹಾಗಾದರೆ ಸರಿಯಾದ ಹೊತ್ತು ಯಾವುದು? ಟಿಎಂವಿ-2 ತಳಿಗೆ ಸಾಮಾನ್ಯವಾಗಿ 105ರಿಂದ 110 ದಿನ ಎನ್ನುತ್ತಾರೆ. ಆದರೆ ಮಳೆಯ ಹಂಚಿಕೆಗೆ ತಕ್ಕಂತೆ ಈ ಲೆಕ್ಕ ಹಿಂದುಮುಂದಾಗುತ್ತದೆ. ಎಲೆ ಹಳದಿಯಾಗುವುದನ್ನೂ ಪೂರ್ತಿ ನಂಬುವಂತಿಲ್ಲ. ಎಲೆಚುಕ್ಕೆ ರೋಗ, ತುಕ್ಕು ರೋಗಗಳಿಂದಲೂ ಎಲೆ ಉದುರುತ್ತದೆ. ಹೊಲದ ನಾಲ್ಕಾರು ಕಡೆ ಗಿಡ ಕಿತ್ತು, ಕಾಯಿ ಸುಲಿದು, ಸಿಪ್ಪೆಯ ಒಳಮೈ ನೋಡಬೇಕು. ಎಳೆಯ ಕಾಯಿಯಲ್ಲಿ ಅದು ಬಿಳಿಯಾಗಿ ಮೆತ್ತಗಿರುತ್ತದೆ. ಬಲಿತಂತೆ ಕಂದು, ಕಪ್ಪು ಬಣ್ಣಕ್ಕೆ ತಿರುಗುತ್ತದೆ. 100 ಕಾಯಿಗಳಲ್ಲಿ 75ರಿಂದ 80 ಹೀಗೆ ಕಂಡುಬಂದರೆ ಕೊಯ್ಲಿಗೆ ಅದೇ ಸಮಯ.

ಕಿತ್ತ ಮೇಲಿನ ಎಚ್ಚರವೂ ಅಷ್ಟೇ ಅಗತ್ಯ. ಹಸಿ ಗಿಡಗಳನ್ನು ರಾಶಿ ಹಾಕಿದರೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಕಾಯಿ ಮೇಲೆ ಬರುವಂತೆ ಗಿಡಗಳನ್ನು ಮಗುಚಿಟ್ಟು ಗಾಳಿಯಾಡಲು ಬಿಡಬೇಕು. ಬಿತ್ತನೆಗೆ ಇಡುವ ಕಾಯಿಯನ್ನು ಉರಿಬಿಸಿಲಿಗೆ ಹರಡಬಾರದು, ತೇವಾಂಶ ಶೇ. 9ಕ್ಕೆ ಇಳಿಯುವವರೆಗೆ ನಿಧಾನವಾಗಿ ಒಣಗಿಸಿ, ಸಿಪ್ಪೆಸಹಿತ ಶೇಖರಿಸಿ, ಬಿತ್ತನೆ ಹತ್ತಿರ ಬಂದಾಗಲೇ ಸುಲಿಯಬೇಕು. ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ ಶೇ. 70 ಮೊಳಕೆ ಇರಬೇಕೆಂಬ ನಿಯಮವಿದೆ. ಮನೆಯ ಬೀಜವೂ ಆ ಮಟ್ಟ ಮುಟ್ಟುತ್ತದೆಯೇ ಎಂದು 100 ಕಾಳುಗಳನ್ನು ಒದ್ದೆ ಗೋಣಿಯಲ್ಲಿಟ್ಟು ಪರೀಕ್ಷಿಸಬಹುದು.

ಎಕರೆಗೆ ಹೆಚ್ಚು ಬೀಜ ಬೇಡುವ ಬೆಳೆ ಶೇಂಗಾ. ಬಿತ್ತನೆಯ ಹೊತ್ತಿಗೆ ಸಾಲ ಮಾಡಿ ಬೀಜ ಕೊಳ್ಳುವ ಕಷ್ಟ ತಪ್ಪಬೇಕಾದರೆ, ಅದರ ಸಿದ್ಧತೆ ಹಿಂದಿನ ಕೊಯ್ಲಿನಲ್ಲೇ ಆಗಬೇಕು.