ಡೈರಿಯ ಕಂಪ್ಯೂಟರ್ ನಿಮ್ಮ ಮೊಬೈಲಿಗೆ ಮೆಸೇಜ್ ಕಳಿಸುವುದು ಹೇಗೆ?



ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮನೆ ಸೇರುವಷ್ಟರಲ್ಲಿ ಕೆಲವು ಸಂಘಗಳಲ್ಲಿ ಮೊಬೈಲಿಗೆ ಮೆಸೇಜ್ ಬಂದಿರುತ್ತದೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಹಣ ಎಷ್ಟು ಎಂದು. ಇದನ್ನು ಕಾರ್ಯದರ್ಶಿಯವರು ಕೂತು ಒಬ್ಬೊಬ್ಬರಿಗೂ ಟೈಪ್ ಮಾಡುವುದಿಲ್ಲ.

ಮೆಸೇಜ್ ಕಳಿಸಲು ಎರಡು ದಾರಿ. ಇಂಟರ್ನೆಟ್ ಮೂಲಕ ದೂರದ ಸರ್ವರ್‌ನಿಂದ ಕಳಿಸುವುದು ಒಂದು. ಕಂಪ್ಯೂಟರಿಗೇ ಒಂದು ಸಿಮ್ ಕೊಡುವುದು ಇನ್ನೊಂದು. ಸಿಮ್ ಹಾಕಿದ ಆ ಪುಟ್ಟ ಡಾಂಗಲ್ಲಿಗೆ ಮೋಡೆಮ್ ಎನ್ನುತ್ತಾರೆ. ಪರದೆಯೂ ಬಟನ್ನೂ ಇಲ್ಲದ ಮೊಬೈಲ್ ಎಂದುಕೊಳ್ಳಿ. ಅದಕ್ಕೆ ಕೆಲಸ ಹೇಳಲು ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಬೇಕು. ‘ಗಮ್ಮು’ ಅಂಥದ್ದೊಂದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ.

ಕ್ಯಾನು ಹಿಡಿದು ನಾವು ಸಾಲಿನಲ್ಲಿ ನಿಲ್ಲುವಂತೆ ಮೆಸೇಜುಗಳೂ ಇದರಲ್ಲಿ ಸಾಲಾಗಿ ಕಾಯುತ್ತವೆ. ಸಾಫ್ಟ್‌ವೇರ್ ಒಂದೊಂದನ್ನೇ ಮೋಡೆಮ್ಮಿಗೆ ಕೊಡುತ್ತದೆ. ಹೋದದ್ದನ್ನು ‘ಹೋಯಿತು’ ಎಂದು, ಹೋಗದೇ ಉಳಿದದ್ದನ್ನು ಬೇರೆಯಾಗಿ ಇಡುತ್ತದೆ. ಸಿಗ್ನಲ್ ಇಲ್ಲದಿದ್ದರೆ ಅಥವಾ ಆ ಸಿಮ್ಮಿನ ರೀಚಾರ್ಜ್ ಮುಗಿದಿದ್ದರೆ ಯಾರಿಗೂ ಹೋಗುವುದಿಲ್ಲ. ಆದ್ದರಿಂದ ಮೆಸೇಜ್ ಬರಲಿಲ್ಲ ಎಂದ ಮಾತ್ರಕ್ಕೆ ನಿಮ್ಮ ಹಾಲು ಲೆಕ್ಕಕ್ಕೆ ಬಂದಿಲ್ಲ ಎಂದಲ್ಲ. ಗಾಬರಿಯಾಗಬೇಡಿ, ಪಾಸ್ ಪುಸ್ತಕ ನೋಡಿ, ಕಂಪ್ಯೂಟರಿನಲ್ಲಿ ಏನಾಗಿದೆ ಎಂದು ಕೇಳಿ.

ಕನ್ನಡದಲ್ಲೇ ಕಳಿಸಬಾರದೇ ಎಂದು ಹಲವರು ಕೇಳುತ್ತಾರೆ. ಖಂಡಿತ ಕಳಿಸಬಹುದು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ ಸಿಗುವುದು 70 ಮಾತ್ರ, ಅದರಲ್ಲೂ ಒತ್ತು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ಹಾಲಿನ ಲೆಕ್ಕಕ್ಕೆ ಅಷ್ಟು ಸಾಕು, ಚಿಕ್ಕದಾಗಿ ಬರೆಯಬೇಕು ಅಷ್ಟೇ.

ಇನ್ನೊಂದು ಮುಖ್ಯ ವಿಷಯ. ಕಂಪ್ಯೂಟರಿಗೆ ನಿಮ್ಮ ಮುಖ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಮೇವು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವರು ನೀವು. ಮೆಸೇಜ್ ಹೋಗುವುದು ಮಾತ್ರ ಯಜಮಾನರ ಫೋನಿಗೋ, ಊರು ಬಿಟ್ಟ ಮಗನ ಫೋನಿಗೋ. ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ ನಂಬರೂ ನಿಮ್ಮದೇ ಇರಲಿ. ಎಸ್‌ಎಂಎಸ್‌ಗೆ ಇಂಟರ್ನೆಟ್ ಬೇಡ, ಹಳೆಯ ಬಟನ್ ಫೋನ್ ಸಾಕು. ಸಿಮ್ ಬದಲಿಸಿದ್ದರೆ ಅಂದೇ ತಿಳಿಸಿ. ಬಿಟ್ಟುಹಾಕಿದ ನಂಬರನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ, ನಿಮ್ಮ ಹಾಲಿನ ಲೆಕ್ಕ ಅವರ ಕೈಗೆ ಹೋಗುತ್ತದೆ.

ಹಾಲಿನ ಲೆಕ್ಕದ ಮೆಸೇಜು ಒಟಿಪಿ ಕೇಳುವುದಿಲ್ಲ. ಕೇಳಿದರೆ ಅದು ಡೈರಿಯದಲ್ಲ. ಅಂಕಿ ಪಾಸ್ ಪುಸ್ತಕದೊಂದಿಗೆ ತಾಳೆಯಾಗದಿದ್ದರೆ ಮೆಸೇಜ್ ಅಳಿಸಬೇಡಿ, ಬಟವಾಡೆಗೆ ಮೊದಲೇ ಕಾರ್ಯದರ್ಶಿಯವರಿಗೆ ತೋರಿಸಿ.