ಮರ ಒಂದು ಮಳೆಗಾಲ ನೋಡಲಿ



ನಮ್ಮ ಮನೆಯ ಹಿತ್ತಿಲ ಬಾಗಿಲು ಮಳೆಗಾಲದಲ್ಲಿ ಹೊಸ್ತಿಲಿಗೆ ಉಜ್ಜುತ್ತದೆ. ಬೇಸಿಗೆಯಲ್ಲಿ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಮರದಲ್ಲಿ ದೋಷವಿರಲಿಲ್ಲ; ನಮ್ಮದೇ ತೋಟದ ಹಲಸು, ಚೇಗು ಚೆನ್ನಾಗಿ ಬಲಿತದ್ದು. ಆಷಾಢದ ಗಾಳಿಗೆ ಉರುಳಿದ ಮರವನ್ನು ಹದಿನೈದೇ ದಿನದಲ್ಲಿ ಮಿಲ್ಲಿಗೆ ಹಾಕಿಸಿ ಕೊಯ್ಸಿದೆವು. ಹಲಗೆ ನೋಡಿದ ಹಿರಿಯ ಆಚಾರ್ಯರು ಒಂದೇ ಮಾತು ಹೇಳಿದರು: “ಗೌಡ್ರೆ, ಮರ ಇನ್ನೂ ಹಸಿ ಉಂಟು. ಒಂದು ಮಳೆಗಾಲ, ಒಂದು ಬೇಸಿಗೆ ನೋಡಲಿ.” ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. “ಮುಹೂರ್ತ ಇಟ್ಟಾಗಿದೆ ಆಚಾರ್ರೆ, ಮಾಡಿಬಿಡಿ” ಎಂದೆವು. ಅವರು ಮತ್ತೆ ಮಾತಾಡಲಿಲ್ಲ, ಮಾಡಿಕೊಟ್ಟರು. ಶಿವರಾತ್ರಿಯ ಹೊತ್ತಿಗೆ ಬಾಗಿಲು ತಿರುಚಿಕೊಂಡಿತ್ತು.

ಒಣಗದ ಕಾಫಿಯನ್ನು ಮೂಟೆ ಕಟ್ಟಿ ತರುವವರಿಗೆ ಸಂಘದ ಗೋದಾಮಿನ ಬಾಗಿಲಲ್ಲೇ ನಿಂತು ಉಪದೇಶ ಮಾಡುವವರು ನಾವು. ಚಾಲಿ ಅಡಿಕೆಗೆ ನಲವತ್ತು ದಿನದ ಬಿಸಿಲು ಬೇಕೆಂದು ಗೊತ್ತಿದ್ದವರು. ಮರದ ವಿಷಯ ಬಂದಾಗ ಆ ತಿಳಿವಳಿಕೆಯೆಲ್ಲ ಎಲ್ಲಿ ಹೋಯಿತು? ಆಚಾರ್ಯರು ಈಗಿಲ್ಲ. ಅವರ ಇಬ್ಬರು ಮಕ್ಕಳೂ ಪಟ್ಟಣದಲ್ಲಿ ಬೇರೆ ಉದ್ಯೋಗದಲ್ಲಿದ್ದಾರೆ. ಅವರ ಉಳಿ, ಕೀಸುಳಿಗಳು ಯಾರ ಮನೆಯ ಅಟ್ಟ ಸೇರಿವೆಯೋ. ಈ ವಿದ್ಯೆಯನ್ನು ಮತ್ತೆ ಕಲಿಯುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಕಾಡುತ್ತಿದೆ. ಈ ವಿಷಯವಾಗಿ ಓದುತ್ತ ಹೋದಾಗ ದೂರದ ಒಂದು ಶಾಲೆಯ ಸಂಗತಿ ತಿಳಿಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲೆಂದೇ ಈ ಲೇಖನ.

ನಾಟಾ ಊರಿನಲ್ಲಿ ಒಂದು ಶಾಲೆ

ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಫೋರ್ಟ್ ಬ್ರ್ಯಾಗ್ ಎಂಬ ಸಣ್ಣ ಊರಿದೆ. ಸುತ್ತಲೂ ರೆಡ್‌ವುಡ್ ಎಂಬ ಮಹಾವೃಕ್ಷಗಳ ಕಾಡು. 1885ರಿಂದ ಆ ಊರು ಬದುಕಿದ್ದೇ ನಾಟಾ ಕೊಯ್ಯುವ ಮಿಲ್ಲಿನಿಂದ. ನೂರಕ್ಕೂ ಹೆಚ್ಚು ವರ್ಷ ದಿಮ್ಮಿಗಳು ಹಲಗೆಗಳಾಗಿ ಹೊರಗೆ ಹೋದವು. 2002ರಲ್ಲಿ ಮಿಲ್ಲು ಮುಚ್ಚಿತು. ಅದೇ ಊರಿನಲ್ಲಿ 1981ರಲ್ಲಿ ಆರಂಭವಾದ ಪೀಠೋಪಕರಣ ಶಾಲೆಯೊಂದು ಮಾತ್ರ ಇಂದಿಗೂ ನಡೆಯುತ್ತಿದೆ.

ಶಾಲೆಯನ್ನು ಕಟ್ಟಿದವರು ಜೇಮ್ಸ್ ಕ್ರೆನೋವ್. ಹುಟ್ಟಿದ್ದು 1920ರಲ್ಲಿ, ಸೈಬೀರಿಯಾದ ಕಟ್ಟಕಡೆಯ ಉಯೆಲೆನ್ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಅಲಾಸ್ಕಾ ಮತ್ತು ಸಿಯಾಟಲ್‌ನಲ್ಲಿ. ಮುಂದೆ ಸ್ವೀಡನ್ ದೇಶಕ್ಕೆ ಹೋಗಿ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಮೂವತ್ತೇಳರ ಆಸುಪಾಸಿನಲ್ಲಿ, ಸಂಸಾರಸ್ಥರಾದ ಮೇಲೆ, ಸ್ಟಾಕ್‌ಹೋಮ್‌ನಲ್ಲಿ ಕಾರ್ಲ್ ಮಾಲ್ಮ್‌ಸ್ಟೆನ್ ಎಂಬ ಹೆಸರಾಂತ ವಿನ್ಯಾಸಕಾರರು ಸ್ಥಾಪಿಸಿದ್ದ ಶಾಲೆಯನ್ನು ಸೇರಿ ಎರಡು ವರ್ಷ ಮರಗೆಲಸ ಕಲಿತರು. ಬಳಿಕ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಸಣ್ಣ ಸಣ್ಣ ಕಪಾಟುಗಳನ್ನು ಮಾಡಿದರು. 1976ರಲ್ಲಿ ‘ಎ ಕ್ಯಾಬಿನೆಟ್‌ಮೇಕರ್ಸ್ ನೋಟ್‌ಬುಕ್’ ಎಂಬ ಅವರ ಪುಸ್ತಕ ಹೊರಬಂದ ಮೇಲೆ ಬಡಗಿಗಳಾಗಬಯಸುವವರು ಅವರನ್ನು ಹುಡುಕಿಕೊಂಡು ಬರತೊಡಗಿದರು. ಅರವತ್ತು ದಾಟಿದ ಮೇಲೆ ಶಾಲೆ ಆರಂಭಿಸಿ 2002ರವರೆಗೆ ಕಲಿಸಿದರು, 2009ರಲ್ಲಿ ತೀರಿಕೊಂಡರು. ಶಾಲೆ ಈಗ ಮೆಂಡೊಸಿನೊ ಕಾಲೇಜಿನ ಆಶ್ರಯದಲ್ಲಿ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಮೊದಲ ಪಾಠ ಕುರ್ಚಿಯಲ್ಲ

ಒಂಬತ್ತು ತಿಂಗಳ ತರಬೇತಿ, ವಾರಕ್ಕೆ ಆರು ದಿನ. ವರ್ಷಕ್ಕೆ ಇಪ್ಪತ್ತು ಚಿಲ್ಲರೆ ವಿದ್ಯಾರ್ಥಿಗಳು, ಗಂಡಸರೂ ಹೆಂಗಸರೂ. ಪ್ರತಿಯೊಬ್ಬರಿಗೂ ಒಂದು ಕೆಲಸದ ಮೇಜು. ಸೇರಿದ ಕೂಡಲೇ ಯಾರೂ ಕುರ್ಚಿ, ಮೇಜು ಮಾಡುವುದಿಲ್ಲ. ಮೊದಲು ಉಳಿ ಮಸೆಯುವುದನ್ನು ಕಲಿಯಬೇಕು. ಆಮೇಲೆ ಒರಟು ಹಲಗೆಯೊಂದರ ಮುಖವನ್ನು ಸಪಾಟು ಮಾಡಿ, ಮೂಲೆಮಟ್ಟಕ್ಕೆ ಸರಿಯಾಗಿ ಕೂರಿಸಬೇಕು. ಕೇಳಲು ಸುಲಭ, ಕೈಗೆ ಬರಲು ದಿನಗಳೇ ಬೇಕು.

ಬಳಿಕ ತಮ್ಮ ಕೀಸುಳಿಯನ್ನು ತಾವೇ ಮಾಡಿಕೊಳ್ಳಬೇಕು. ಗಟ್ಟಿ ಮರದ ತುಂಡೊಂದರ ಎರಡು ಪಕ್ಕಗಳನ್ನು ಉದ್ದಕ್ಕೆ ಕೊಯ್ದು ತೆಗೆಯುತ್ತಾರೆ. ನಡುವಿನ ತುಂಡನ್ನು ಅಲಗು ಕೂರುವಂತೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಿ, ಪಕ್ಕಗಳನ್ನು ಮತ್ತೆ ಅಂಟಿಸುತ್ತಾರೆ. ಅಡ್ಡಕ್ಕೊಂದು ಮರದ ಕಡ್ಡಿ, ಅಲಗನ್ನು ಬಿಗಿಹಿಡಿಯಲು ಒಂದು ಬೆಣೆ. ಇಷ್ಟೇ ಉಪಕರಣ. ಅದರಿಂದ ಬೆಳಕು ಕಾಣುವಷ್ಟು ತೆಳುವಾದ ಸುರುಳಿ ಬಂದಾಗ, ಮುಂದಿನ ಪಾಠಕ್ಕೆ ಕೈ ಸಿದ್ಧವಾಗಿದೆ ಎಂದರ್ಥ. ಹಾಗೆ ಕೀಸಿದ ಹಲಗೆಯ ಮೈ ಉಪ್ಪುಕಾಗದದಿಂದ ಉಜ್ಜಿದ್ದಕ್ಕಿಂತ ಬೇರೆಯೇ ಹೊಳಪು ಕೊಡುತ್ತದೆ.

ಆಮೇಲೆ ಜೋಡಣೆಗಳು. ಒಂದು ತುಂಡಿನಲ್ಲಿ ಕಿಂಡಿ ಕೊರೆದು, ಇನ್ನೊಂದರಲ್ಲಿ ಅದಕ್ಕೆ ಕೂರುವ ನಾಲಗೆ ತೆಗೆಯುವುದು ಒಂದು. ಪಾರಿವಾಳದ ಬಾಲದಂತೆ ಅಗಲವಾಗುತ್ತ ಹೋಗುವ ಹಲ್ಲುಗಳನ್ನು ಪರಸ್ಪರ ಕೂಡಿಸುವುದು ಇನ್ನೊಂದು. ಹಲ್ಲು ಕೂದಲೆಳೆಯಷ್ಟು ತಪ್ಪಿದರೂ ಸಂದು ಕಾಣುತ್ತದೆ. ತುಂಡನ್ನು ಬಿಟ್ಟು ಮತ್ತೊಂದು ಎತ್ತಿಕೊಳ್ಳಬೇಕು. ಇಷ್ಟಾದ ಮೇಲಷ್ಟೇ ವಿದ್ಯಾರ್ಥಿ ತನ್ನ ಮೊದಲ ಸಣ್ಣ ಕಪಾಟಿಗೆ ಕೈ ಹಾಕುತ್ತಾನೆ. ಕ್ರೆನೋವ್ ನಕ್ಷೆ ಬರೆದು ಅದಕ್ಕೆ ಮರ ಹುಡುಕುವವರಲ್ಲ. ಹಲಗೆಯ ನಾರು ಎತ್ತ ಬಾಗಿದೆ, ಬಣ್ಣ ಎಲ್ಲಿ ತಿರುಗಿದೆ ಎಂದು ನೋಡಿ, ಅದಕ್ಕೆ ತಕ್ಕ ವಸ್ತುವನ್ನು ಯೋಚಿಸುತ್ತಿದ್ದರು.

ಮರ ಸತ್ತ ಮೇಲೂ ಉಸಿರಾಡುತ್ತದೆ

ಈ ಎಲ್ಲ ಕಲಿಕೆಯ ಬುಡದಲ್ಲಿರುವುದು ನಮ್ಮ ಆಚಾರ್ಯರು ಹೇಳಿದ ಮಾತೇ. ಹಸಿ ಮರದಲ್ಲಿ ಒಣಮರದ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುವುದು ಸಾಮಾನ್ಯ. ನಾರಿನ ಕೊಳವೆಗಳಲ್ಲಿ ತುಂಬಿದ ನೀರು ಮೊದಲು ಹೋಗುತ್ತದೆ. ಅದು ಹೋದರೆ ಮರ ಕುಗ್ಗುವುದಿಲ್ಲ. ತೇವ ಶೇಕಡಾ 30ರ ಸುಮಾರಿಗೆ ಇಳಿದ ಮೇಲೆ ನಾರಿನ ಗೋಡೆಯೊಳಗಿನ ನೀರು ಹೊರಡುತ್ತದೆ, ಕುಗ್ಗುವಿಕೆ ಆಗ ಆರಂಭ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲದಲ್ಲಿ ಮಾತ್ರ. ಅದರಲ್ಲೂ ವರ್ಷದ ಬಳೆಗಳ ಜಾಡಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಲಗೆ ದೋಣಿಯಂತೆ ಬಾಗುವುದು ಈ ಕಾರಣಕ್ಕೆ.

ಒಣಗಿದ ಮರವೂ ಸುಮ್ಮನಿರುವುದಿಲ್ಲ. ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಹರವಿದ ಕಾಫಿಬೀಜ ತೇವ ಹೀರಿ ಉಬ್ಬಿ ‘ಮಾನ್ಸೂನ್ಡ್ ಮಲಬಾರ್’ ಆಗುವುದನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ. ಮರವೂ ಹಾಗೆಯೇ, ಪ್ರತಿ ಮಳೆಗಾಲ ಹಿಗ್ಗಿ ಪ್ರತಿ ಬೇಸಿಗೆ ಕುಗ್ಗುತ್ತದೆ. ಆದ್ದರಿಂದ ಬಲ್ಲ ಬಡಗಿ ಅಗಲದ ಹಲಗೆಗೆ ಎಲ್ಲ ಕಡೆ ಮೊಳೆ ಹೊಡೆದು ಕಟ್ಟಿಹಾಕುವುದಿಲ್ಲ. ಚೌಕಟ್ಟಿನ ಒಳಗೆ ಗಾಡಿ ತೆಗೆದು, ಹಲಗೆಯನ್ನು ಅಂಟು ಹಾಕದೆ ಅದರಲ್ಲಿ ಕೂರಿಸಿ, ಓಡಾಡಲು ಜಾಗ ಬಿಡುತ್ತಾನೆ. ನಮ್ಮ ಹಳೆಯ ಮನೆಗಳ ಬಾಗಿಲುಗಳನ್ನು ಇನ್ನೊಮ್ಮೆ ನೋಡಿರಿ. ಫೋರ್ಟ್ ಬ್ರ್ಯಾಗ್‌ನ ಪಾಠ ಅಲ್ಲಿಯೇ ಇದೆ.

ನಮ್ಮ ತೋಟದ ಮರ

ನಮ್ಮಲ್ಲಿ ಬಹುಮಂದಿ ಸಿಲ್ವರ್ ಓಕ್ ಬೆಳೆಸಿದ್ದೇವೆ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಹಣದ ಅಡಚಣೆ ಬಂದಾಗ ವ್ಯಾಪಾರಿಯನ್ನು ಕರೆದು ನಿಂತ ಮರಕ್ಕೇ ಬೆಲೆ ಮಾಡುತ್ತೇವೆ. ಅದು ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಈ ಮರದ ತವರಾದ ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿ ಇದನ್ನು ಪೀಠೋಪಕರಣದ ಮರವೆಂದು ಬಹುಕಾಲದಿಂದ ಬಳಸಿದ್ದಾರೆ. ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದಂತೆ ಕೊಯ್ದರೆ ಹಲಗೆಯ ಮೈಮೇಲೆ ಬಲೆ ನೇಯ್ದಂತಹ ಹೊಳೆಯುವ ಚಿತ್ತಾರ ಕಾಣುತ್ತದೆ. ಹೇಗೆಂದರೆ ಹಾಗೆ ಕೊಯ್ದರೆ ಅದು ಕಾಣುವುದಿಲ್ಲ. ಮರ ಅದೇ, ಕೊಯ್ಯುವ ಜ್ಞಾನದಲ್ಲಿ ವ್ಯತ್ಯಾಸ.

ನಾವು ಮರವನ್ನು ಅಗ್ಗಕ್ಕೆ ಮಾರಿ, ಅಂಗಡಿಯಿಂದ ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಮೇಜನ್ನು ಕೊಂಡು ತರುತ್ತಿದ್ದೇವೆ. ಮಳೆಗಾಲದಲ್ಲಿ ಅದು ಉಬ್ಬಿದರೆ ಎಸೆದು ಇನ್ನೊಂದು ತರುತ್ತೇವೆ. ಕೋಕೋ ಬೆಲೆ ಕುಸಿದಾಗ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಆ ಪಾಠವನ್ನು ಮರದ ವಿಷಯದಲ್ಲಿ ನಾವಿನ್ನೂ ಕಲಿತಿಲ್ಲ.

ಹಾಗೆಂದು ಆಸೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ನಯವಾದ ಮರಗೆಲಸದಿಂದ ಬೇಗ ಹಣವಾಗುವುದಿಲ್ಲ. ಒಂದು ಕಪಾಟಿಗೆ ತಿಂಗಳುಗಳು ಹಿಡಿದರೆ ಕೊಳ್ಳುವವರು ಎಷ್ಟು ಮಂದಿ? ಕ್ರೆನೋವ್ ಅವರೇ ತಮ್ಮನ್ನು ಹವ್ಯಾಸಿ ಎಂದು ಕರೆದುಕೊಳ್ಳುತ್ತಿದ್ದರು. ಆದರೆ ನೆಟ್ಟಗೆ ಮುಚ್ಚುವ ಬಾಗಿಲು, ಮೊಮ್ಮಕ್ಕಳವರೆಗೆ ಬಾಳುವ ಊಟದ ಮೇಜು ಪ್ರತಿ ಮನೆಗೂ ಬೇಕಲ್ಲವೇ? ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಉಳಿ ಹಿಡಿಯುವುದು ಆಚಾರರ ಮನೆಯವರ ಕೆಲಸ, ನಮ್ಮ ಮಕ್ಕಳದ್ದಲ್ಲ ಎಂಬ ಭಾವನೆ ನಮ್ಮೊಳಗೆ ಇನ್ನೂ ಇದೆ. ಈಗ ಅವರ ಮಕ್ಕಳೂ ಹಿಡಿಯುವುದಿಲ್ಲ, ನಮ್ಮವರೂ ಹಿಡಿಯುವುದಿಲ್ಲ. ವಿದ್ಯೆ ಉಳಿಯುವುದು ಹೇಗೆ?

ಸದ್ಯಕ್ಕೆ ಮಾಡಬಹುದಾದದ್ದು

ಬಿದ್ದ ಮರವನ್ನೋ, ಅಪ್ಪಣೆ ಬೇಕಾದಲ್ಲಿ ಅಪ್ಪಣೆ ಪಡೆದು ಕಡಿದ ಮರವನ್ನೋ ಪೂರ್ತಿ ಮಾರಬೇಡಿ. ಒಳ್ಳೆಯ ಒಂದು ದಿಮ್ಮಿಯನ್ನು ಮನೆಗೆ ಇಟ್ಟುಕೊಳ್ಳಿ. ದಿಮ್ಮಿಯಾಗಿಯೇ ಮಳೆಗೆ ಬಿಟ್ಟರೆ ಹುಳು, ಬೂಷ್ಟು ಹಿಡಿಯುತ್ತವೆ. ಬೇಗ ಹಲಗೆ ಕೊಯ್ಸಿ. ನೀರು ತುದಿಗಳಿಂದ ಬೇಗ ಹೋಗಿ ಅಲ್ಲಿ ಸೀಳು ಬಿಡುವುದರಿಂದ ಎರಡೂ ತುದಿಗಳಿಗೆ ದಪ್ಪನಾಗಿ ಬಣ್ಣವನ್ನೋ ಮೇಣವನ್ನೋ ಬಳಿಯಿರಿ. ಗಾಳಿಯಾಡುವ, ಬಿಸಿಲು ಬೀಳದ ಚಪ್ಪರದಡಿ ನೆಲದಿಂದ ಮೇಲೆ ಸಮವಾಗಿ ಜೋಡಿಸಿ. ಪ್ರತಿ ಎರಡು ಹಲಗೆಗಳ ನಡುವೆ ಒಣರೀಪಿನ ತುಂಡುಗಳನ್ನು ಒಂದೂವರೆ ಅಡಿಗೊಂದರಂತೆ, ಒಂದರ ನೇರಕ್ಕೆ ಒಂದು ಬರುವಂತೆ ಇಡಿ. ಮೇಲೆ ಭಾರ ಹೇರಿ. ಒಂದಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಬಡಗಿಗಳ ಹಳೆಯ ಲೆಕ್ಕ. ಕೊಯ್ಸಿದ ತಾರೀಖನ್ನು ಸುಣ್ಣದಲ್ಲಿ ಬರೆದಿಡಿ.

ಮರವನ್ನು ಶಾಸ್ತ್ರೀಯವಾಗಿ ತಿಳಿಯಬಯಸುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಆರಂಭವಾದದ್ದು. ಕೈಕೆಲಸ ಕಲಿಯಲು ಮಾತ್ರ ಬಲ್ಲವರ ಪಕ್ಕದಲ್ಲೇ ನಿಲ್ಲಬೇಕು.

ಕಳೆದ ವರ್ಷ ನಮ್ಮ ತೋಟದ ಇನ್ನೊಂದು ಹಲಸು ಬಿತ್ತು. ಹಲಗೆಗಳು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಒಣಗುತ್ತಿವೆ. ಒಂದು ಮಳೆಗಾಲ ನೋಡಿಯಾಗಿದೆ. ಈ ಬಾರಿ ಮರ ಸಿದ್ಧವಾಗುತ್ತಿದೆ, ಬಾಗಿಲು ಮಾಡುವ ಕೈ ಸಿಕ್ಕಿಲ್ಲ. ನಿಮ್ಮ ಊರಿನಲ್ಲಿ ಕಲಿಸಲು ಮನಸ್ಸಿರುವ ಹಿರಿಯ ಆಚಾರ್ಯರಿದ್ದರೆ, ಕಲಿಯಲು ಮನಸ್ಸಿರುವ ಹುಡುಗ ಹುಡುಗಿಯರಿದ್ದರೆ, ಯಾವ ಮನೆಯವರಾದರೂ ಸರಿಯೇ, ಸಂಘದ ಕಚೇರಿಗೆ ತಿಳಿಸಿರಿ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ನಿಲ್ಲಿಸುವಷ್ಟನ್ನು ನಮ್ಮ ಸಂಘ ಮಾಡಬಲ್ಲದು. ಮಸೆಗಲ್ಲಿನಿಂದ ಆರಂಭಿಸೋಣ.